ಭಾವನ ಪರವಾಗಿ ಭಾಮೈದ ರಕ್ತ ಕೊಡತಕ್ಕದ್ದಲ್ಲ

ಕಾರ್ಮಿಕ ಕ್ಷೇಮ ಶಾಖೆ
ಬಸ್ಸು ದುರಸ್ತಿ ಕಾರ್ಯಾಗಾರ

ಸಂಖ್ಯೆ: ಕಾ.ಕ್ಷೇ.ಶಾ / ರಕ್ತ / ಮುಂದೂಡಿಕೆ / ಮತ್ತೆ ಮುಂದೂಡಿಕೆ / ಅಂತಿಮ (ಪರಿಷ್ಕೃತ)
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ವಾರ್ಷಿಕ ಆರೋಗ್ಯ ತಪಾಸಣೆಯ ಅಂಗವಾದ ಎಚ್‌ಐವಿ ರಕ್ತ ಪರೀಕ್ಷೆಯ ಸಂದರ್ಭದಲ್ಲಿ ಪುರುಷ ಸಿಬ್ಬಂದಿಯು ತೋರಿದ, ತೋರುತ್ತಿರುವ ಹಾಗೂ ತೋರಬಹುದಾದ ವರ್ತನೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
1. ಇದೇ ಶಾಖೆಯ ಹಿಂದಿನ ಸುತ್ತೋಲೆ (ಸೂಚನಾ ಫಲಕದಿಂದ ಕಿತ್ತು, ಅದರ ಮೇಲೆ ಬನ್ನು ಇಟ್ಟುಕೊಂಡು ತಿನ್ನಲಾಗಿರುತ್ತದೆ).
2. ಪ್ರಯೋಗಾಲಯದ ಅಕ್ಕನವರ ಮೌಖಿಕ ದೂರು.
3. ಉಪಕರಣ ಕೊಠಡಿಯ ಬಾಗಿಲಿಗೆ ಅಂಟಿಸಲಾಗಿದ್ದ, ಸಹಿಯಿಲ್ಲದ, ಆದರೆ ವ್ಯಾಕರಣದ ದೃಷ್ಟಿಯಿಂದ ನಿರ್ದೋಷವಾದ ಪ್ರಕಟಣೆ.
4. ಹಿರಿಯ ಮೆಕ್ಯಾನಿಕ್‌ರವರ ಧರ್ಮಪತ್ನಿಯವರೊಂದಿಗಿನ ದೂರವಾಣಿ ಸಂಭಾಷಣೆ (ಸ್ಪೀಕರ್‌ನಲ್ಲಿ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಪುರುಷ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇದರಲ್ಲಿ ನಮೂದಿಸಿರುವುದೆಲ್ಲವೂ ನಡೆದದ್ದೇ ಆಗಿದ್ದು, ನಡೆಯದ್ದನ್ನು ಸೇರಿಸಲು ಶಾಖೆಗೆ ಅನುದಾನವಿರುವುದಿಲ್ಲ.

ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ಸಕ್ಕರೆ ಹಾಗೂ ಎಚ್‌ಐವಿ ಎಂಬ ನಾಲ್ಕು ಪರೀಕ್ಷೆಗಳಿರುತ್ತವೆ. ತೂಕದ ಯಂತ್ರವನ್ನು ಸಿಬ್ಬಂದಿಯು ನಗುನಗುತ್ತಾ ಹತ್ತಿರುತ್ತಾರೆ. ರಕ್ತದೊತ್ತಡದ ಪಟ್ಟಿಯನ್ನು ಸುತ್ತುವಾಗ ತೋಳು ಉಬ್ಬಿಸಿ ತೋರಿಸಿರುತ್ತಾರೆ. ಸಕ್ಕರೆಯ ಬಗ್ಗೆ ಚಹಾ ಅಂಗಡಿಯವರನ್ನು ದೂರಿರುತ್ತಾರೆ. ನಾಲ್ಕನೆಯ ಪರೀಕ್ಷೆಯ ಹೆಸರು ಕಿವಿಗೆ ಬಿದ್ದ ಕೂಡಲೇ ಮಾತ್ರ, ತಿಂಗಳುಗಟ್ಟಲೆ ಕೆಟ್ಟು ನಿಂತಿದ್ದ ಬಸ್ಸುಗಳೆಲ್ಲ ಒಮ್ಮೆಲೇ ತುರ್ತು ದುರಸ್ತಿಗೆ ಅರ್ಹವಾಗಿ ಕಂಡುಬಂದಿರುತ್ತವೆ. ಅಂದು ಒಂದೇ ದಿನ ರಿಪೇರಿಯಾಗಿ ಹೊರಬಿದ್ದ ಬಸ್ಸುಗಳನ್ನು ಕಂಡು ಮೇಲಧಿಕಾರಿಗಳು ಸಂತಸ ವ್ಯಕ್ತಪಡಿಸಿ, ಸದರಿ ಪರೀಕ್ಷೆಯನ್ನು ಪ್ರತಿ ವಾರ ನಡೆಸುವ ಸಾಧ್ಯತೆಯನ್ನು ಪರಿಶೀಲಿಸಲು ಸೂಚಿಸಿರುತ್ತಾರೆ.

ಆದ್ದರಿಂದ ಈ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

1. ಜೊತೆಗೆ ಬಂದವರ ಬಗ್ಗೆ

ಟೈರು ಗೋದಾಮಿನಲ್ಲಿ ಏರ್ಪಡಿಸಿದ್ದ ಪರೀಕ್ಷಾ ಕೊಠಡಿಯ ಮುಂದಿನ ಬೆಂಚು ಬೆಳಿಗ್ಗೆಯೇ ಭರ್ತಿಯಾಗಿದ್ದು, ಶಾಖೆಯು ಇದನ್ನು ಜಾಗೃತಿ ಎಂದು ತಪ್ಪಾಗಿ ಭಾವಿಸಿತ್ತು. ಪ್ರಯೋಗಾಲಯದ ಅಕ್ಕನವರು ಹೊರಬಂದು, “ಯಾರ್ರೀ ಮೊದಲು?” ಎಂದು ಕೇಳಿದಾಗ ಟೈರು ವಿಭಾಗದವರು, “ನಾನಲ್ಲ ಅಕ್ಕ, ನಾನು ಇವನ ಜೊತೆ ಬಂದೆ” ಎಂದು ವೆಲ್ಡರ್‌ರವರನ್ನು ತೋರಿಸಿರುತ್ತಾರೆ. ವೆಲ್ಡರ್‌ರವರು, “ನಾನು ಇವನಿಗೆ ಧೈರ್ಯ ಹೇಳಕ್ಕೆ ಬಂದಿರೋದು” ಎಂದು ಎಲೆಕ್ಟ್ರಿಷಿಯನ್‌ರವರನ್ನು ತೋರಿಸಿರುತ್ತಾರೆ. ಎಲೆಕ್ಟ್ರಿಷಿಯನ್‌ರವರು, “ನಂಗ್ಯಾಕೆ ಧೈರ್ಯ? ಅವನು ಒಬ್ಬನೇ ಹೋಗ್ತಾನಲ್ಲ ಅಂತ ಬಂದೆ” ಎಂದು ಬೆಂಚಿನ ಕೊನೆಯನ್ನು ತೋರಿಸಲಾಗಿ, ಕೊನೆಯವರು ಮೊದಲನೆಯವರ ಜೊತೆ ಬಂದಿರುವುದು ತನಿಖೆಯಿಂದ ದೃಢಪಟ್ಟಿರುತ್ತದೆ.

ಇನ್ನು ಮುಂದೆ ಜೊತೆಗಾರರ ಪ್ರತಿ ಗುಂಪಿನಲ್ಲಿ, ಯಾರ ಜೊತೆ ಬರಲಾಗಿದೆಯೋ ಅಂತಹ ಕನಿಷ್ಠ ಒಬ್ಬ ವ್ಯಕ್ತಿ ಇರತಕ್ಕದ್ದು.

2. ನಿರಾಕರಣೆಯ ವಿಧಾನ

ಈ ಪರೀಕ್ಷೆ ಕಡ್ಡಾಯವಲ್ಲ. ಬೇಡವೆಂದರೆ ಬೇಡ, ಅದಕ್ಕಾಗಿ ಯಾರ ಸಂಬಳವೂ ನಿಲ್ಲುವುದಿಲ್ಲ, ಯಾರ ರಜೆಯೂ ಕಡಿತವಾಗುವುದಿಲ್ಲ. ಆದರೆ ‘ಬೇಡ’ ಎಂಬುದನ್ನು ಬಾಯಿಯಿಂದ ಹೇಳತಕ್ಕದ್ದು. ಬಸ್ಸಿನ ಅಡಿಗೆ ನುಸುಳಿ, ಬರಿಯ ಬೂಟುಗಳನ್ನು ಹೊರಗೆ ಚಾಚಿ ಹೇಳತಕ್ಕದ್ದಲ್ಲ. ಬೂಟುಗಳನ್ನು ಬಿಚ್ಚಿಟ್ಟು ತಾವು ಬೇರೆ ಕಡೆ ಹೋಗತಕ್ಕದ್ದೂ ಅಲ್ಲ.

3. ಸ್ವಯಂ ಪ್ರಮಾಣೀಕರಣ

ಈ ಕೆಳಕಂಡವುಗಳನ್ನು ಪರೀಕ್ಷೆಯೆಂದು ಪರಿಗಣಿಸಲಾಗುವುದಿಲ್ಲ:

(ಅ) “ನನ್ನ ಮೈ ನೋಡಿದ್ರೆ ಗೊತ್ತಾಗಲ್ವಾ?” ಎಂದು ಕೇಳುವುದು.
(ಆ) “ನಂಗೆ ನೆಗಡಿನೇ ಬರಲ್ಲ” ಎಂದು ತಿಳಿಸುವುದು.
(ಇ) ಎಲೆಕ್ಟ್ರಿಷಿಯನ್‌ರವರು ತಮ್ಮ ಬೆರಳಿಗೆ ಟೆಸ್ಟರ್ ತಾಗಿಸಿಕೊಂಡು, “ನೋಡಿ, ದೀಪ ಹತ್ತಲಿಲ್ಲ, ಏನೂ ಇಲ್ಲ” ಎಂದು ಘೋಷಿಸಿಕೊಂಡದ್ದು. ಇದೇ ಟೆಸ್ಟರ್‌ನಿಂದ ಇನ್ನಿತರ ಸಿಬ್ಬಂದಿಯೂ ತಪಾಸಣೆ ಮಾಡಿಸಿಕೊಂಡಿದ್ದು, ಅವರೆಲ್ಲರ ಫಲಿತಾಂಶಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ.

4. ಹೆಂಡತಿಯ ಫಲಿತಾಂಶವನ್ನು ಗಂಡನು ಬಳಸಿಕೊಳ್ಳುವುದರ ನಿಷೇಧ

ಹಿರಿಯ ಮೆಕ್ಯಾನಿಕ್‌ರವರು (ಇನ್ನು ಮುಂದೆ ‘ಗೇರ್‌ಬಾಕ್ಸ್ ಅಣ್ಣ’ ಎಂದು ಕರೆಯಲಾಗುವುದು, ಹಿಂದೆಯೂ ಹಾಗೆಯೇ ಕರೆಯಲಾಗುತ್ತಿತ್ತು) ಯಾರ ಕೈಯನ್ನೂ ಬೇಡದೆ ಗೇರ್‌ಬಾಕ್ಸನ್ನು ಎದೆಗಾನಿಸಿ ಎತ್ತುವವರಾಗಿದ್ದು, ಅವರು ಚಹಾಕ್ಕೆ ಎದ್ದರೆ ಕಾರ್ಯಾಗಾರವೇ ಏಳುತ್ತದೆ, ಅವರು ಕೂತರೆ ಕೂರುತ್ತದೆ. ಪರೀಕ್ಷೆಯ ದಿನ ಅವರು ಕೂತೇ ಇದ್ದರು.

ಅವರ ಧರ್ಮಪತ್ನಿಯವರು ಮದುವೆಯಾಗಿ ಬಹಳ ವರ್ಷಗಳ ನಂತರ ಗರ್ಭಿಣಿಯಾಗಿದ್ದು, ದಿನ ತುಂಬುತ್ತಾ ಬಂದಿರುತ್ತದೆ. ಆಸ್ಪತ್ರೆಯಲ್ಲಿ ಎಲ್ಲ ಬಸುರಿಯರಿಗೆ ಮಾಡುವಂತೆ ಅವರಿಗೂ ಇದೇ ಪರೀಕ್ಷೆ ಮಾಡಿ, “ನಿಮ್ಮವರದ್ದೂ ಆಗಲಿ” ಎಂದು ಹೇಳಿ ಕಳುಹಿಸಲಾಗಿರುತ್ತದೆ. ಇದಕ್ಕೆ ಅಣ್ಣನವರು ಬೆಂಚಿನ ಸಮಕ್ಷಮ ನೀಡಿದ ಉತ್ತರ: “ಅವಳದ್ದು ಬಂತಲ್ಲ, ಏನೂ ಇಲ್ಲ ಅಂತ. ಗಂಡ ಹೆಂಡ್ತಿ ಅಂದ್ರೆ ಒಂದೇ ಅಲ್ವಾ? ಅವಳಿಗಿಲ್ಲ ಅಂದ್ಮೇಲೆ ನಂಗೂ ಇಲ್ಲ. ಹಳೇದೆಲ್ಲ ಯಾಕೆ ಕೆದಕೋದು?” ಈ ಉತ್ತರವನ್ನು ಬೆಂಚು ಚಪ್ಪಾಳೆಯೊಂದಿಗೆ ಅಂಗೀಕರಿಸಿರುತ್ತದೆ.

ಈ ಸಂಬಂಧ ಸ್ಪಷ್ಟಪಡಿಸುವುದೇನೆಂದರೆ, ಹೆಂಡತಿಯ ರಕ್ತವು ಹೆಂಡತಿಯ ಮೈಯಲ್ಲಿಯೂ ಗಂಡನ ರಕ್ತವು ಗಂಡನ ಮೈಯಲ್ಲಿಯೂ ಹರಿಯುತ್ತಿರುತ್ತದೆ. ಒಂದು ಚಕ್ರದ ಗಾಳಿ ನೋಡಿ ಬಸ್ಸಿನ ಎಲ್ಲ ಚಕ್ರಗಳೂ ಸರಿಯಿವೆ ಎಂದು ಬರೆದುಕೊಡುವ ಪದ್ಧತಿಯು ಈ ಕಾರ್ಯಾಗಾರದಲ್ಲಿ ಇರುವುದಿಲ್ಲ. (ಇದ್ದಲ್ಲಿ, ಪ್ರತ್ಯೇಕ ಸುತ್ತೋಲೆ.)

ಅಕ್ಕನವರು ಅಣ್ಣನವರಿಗೆ ನೀಡಿದ ಉತ್ತರವನ್ನೂ ಇಲ್ಲಿ ದಾಖಲಿಸಲಾಗಿದೆ: “ಇದ್ರೆ ಮಾತ್ರೆ ಇದೆ ಅಣ್ಣ. ನೀವೂ ಚೆನ್ನಾಗಿರ್ತೀರಿ, ತಾಯಿ ಮಗೂನೂ ಚೆನ್ನಾಗಿರ್ತಾರೆ. ಗೊತ್ತೇ ಮಾಡ್ಕೊಳ್ಳದಿದ್ರೆ ಮಾತ್ರೆ ಯಾರ ಕೈಗೆ ಕೊಡ್ಲಿ, ಈ ಟೈರಿಗಾ?” ಇದಕ್ಕೆ ಚಪ್ಪಾಳೆ ಬಿದ್ದಿರುವುದಿಲ್ಲ.

5. ಪರರ ಪರವಾಗಿ ತೋಳು ಚಾಚುವುದು

ಅಣ್ಣನವರ ಧರ್ಮಪತ್ನಿಯ ತಮ್ಮನು ಇದೇ ಕಾರ್ಯಾಗಾರದ ಬಣ್ಣದ ವಿಭಾಗದಲ್ಲಿದ್ದು, ತಡವಾಗಿ ಬರುವ ಯಾರ ಹೆಸರು ಕೂಗಿದರೂ “ಹಾಜರ್!” ಎಂದು ಅವರವರ ದನಿಯಲ್ಲಿಯೇ ಉತ್ತರಿಸಬಲ್ಲವನಾದ್ದರಿಂದ ‘ಹಾಜರಿ’ ಎಂದು ಪ್ರಸಿದ್ಧನಾಗಿರುತ್ತಾನೆ. ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹಾಕುವ ಪದ್ಧತಿ ಇಲ್ಲಿಲ್ಲವೆಂದು ಶಾಖೆಯು ಪದೇ ಪದೇ ಮೇಲಧಿಕಾರಿಗಳಿಗೆ ತಿಳಿಸಿರುವುದರಿಂದ, ಆ ಪದ್ಧತಿಯು ಹೇಗೆ ನಡೆಯುತ್ತದೆಂದು ಇಲ್ಲಿ ವಿವರಿಸಲು ಬರುವುದಿಲ್ಲ.

ಹಾಜರಿಯು ಅಂದು ಬೆಳಿಗ್ಗೆ ತನ್ನ ಹೆಸರಿನಲ್ಲಿ ರಕ್ತ ಕೊಟ್ಟು ಹೋದವನು, ಚಹಾದ ಹೊತ್ತಿನ ನಂತರ ಭಾವನ ಟೋಪಿ ಹಾಕಿಕೊಂಡು, ಭಾವನಂತೆ ಕೆಮ್ಮುತ್ತಾ, ಭಾವನ ಹೆಸರಿನಲ್ಲಿ ಮತ್ತೆ ಬಂದು ತೋಳು ಚಾಚಿರುತ್ತಾನೆ. ಟೋಪಿ ಸರಿಯಿತ್ತು. ಕೆಮ್ಮು ಇನ್ನೂ ಸರಿಯಿತ್ತು. ಮೊಣಕೈಯಿಂದ ಕೆಳಗೆ ಮಾತ್ರ ಬಸ್ಸಿನ ಹಸಿರು ಬಣ್ಣವಿತ್ತು. ಆಗ ನಡೆದ ಸಂಭಾಷಣೆ ಇಂತಿದೆ:

ಅಕ್ಕನವರು: “ಬೆಳಿಗ್ಗೆ ಬಂದಿದ್ದು ನೀವೇ ಅಲ್ವಾ?”
ಹಾಜರಿ: “ಇಲ್ಲ ಅಕ್ಕ, ಅವನು ನನ್ನ ಭಾಮೈದ. ಸ್ವಲ್ಪ ನನ್ನ ಥರಾನೇ ಇದಾನೆ.”
ಅಕ್ಕನವರು: “ಅವನ ಕೈಗೂ ಇದೇ ಹಸಿರು ಬಣ್ಣ?”
ಹಾಜರಿ: “ನಮ್ಮ ಶಾಪೇ ಹಂಗೆ ಅಕ್ಕ, ಎಲ್ಲರ ಕೈಗೂ ಒಂದೇ ಬಣ್ಣ.”
ಅಕ್ಕನವರು: “ಹತ್ತೀನೂ ಒಂದೇ ಕಡೆ ಅಂಟಿಸ್ಕೊಂಡಿದೀರಾ?”

ಹಾಜರಿಯು ಬಗ್ಗಿ ತನ್ನ ತೋಳು ನೋಡಿಕೊಂಡು, ಬೆಳಗಿನ ಹತ್ತಿಯನ್ನು ಗುರುತಿಸಿ, ಭಾವನ ಕೆಮ್ಮನ್ನು ಅಲ್ಲಿಯೇ ಬಿಟ್ಟು ಓಡಿರುತ್ತಾನೆ.

ಈ ಬಗ್ಗೆ ಕಾರಣ ಕೇಳಲಾಗಿ ಅವನು ನೀಡಿದ ಹೇಳಿಕೆ: “ಭಾವನೇ ಕಳ್ಸಿದ್ದು ಸಾರ್. ಸೂಜಿಗೆ ಹೆದರೋ ಆಳಲ್ಲ ಅವರು. ‘ಇಷ್ಟು ವರ್ಷ ಆದ್ಮೇಲೆ ಮಗು ಬರೋ ಹೊತ್ತಲ್ಲಿ ಏನಾದ್ರೂ ಅಂದ್ಬಿಟ್ರೆ ನಿಮ್ಮಕ್ಕನ ಮುಖ ಹೆಂಗೋ ನೋಡ್ಲಿ’ ಅಂದ್ರು. ನಾನು ಇನ್ನೇನು ಮಾಡ್ಲಿ, ನಂಗೆ ಬರೋದು ಹಾಜರ್ ಅನ್ನೋದೊಂದೇ.”

ಶಾಖೆಯು ಈ ಹೇಳಿಕೆಯನ್ನು ಎರಡು ಬಾರಿ ಓದಿದ್ದು, ಶಿಸ್ತುಕ್ರಮವನ್ನು ಕೈಬಿಡಲಾಗಿದೆ. ಆದರೆ ನಿಯಮ ನಿಯಮವೇ ಆಗಿದ್ದು, ಭಾವನ ಪರವಾಗಿ ಭಾಮೈದ, ಚಾಲಕನ ಪರವಾಗಿ ನಿರ್ವಾಹಕ, ಸಾಲಗಾರನ ಪರವಾಗಿ ಜಾಮೀನುದಾರ ರಕ್ತ ಕೊಡತಕ್ಕದ್ದಲ್ಲ.

6. ಸಹಿಯಿಲ್ಲದ ಪ್ರಕಟಣೆಯ ಬಗ್ಗೆ (ಉಲ್ಲೇಖ 3)

ಊಟದ ಬಿಡುವಿನ ನಂತರ ಉಪಕರಣ ಕೊಠಡಿಯ ಬಾಗಿಲಲ್ಲಿ ಕಾಣಿಸಿಕೊಂಡ ಪ್ರಕಟಣೆಗೂ ಶಾಖೆಗೂ ಯಾವುದೇ ಸಂಬಂಧವಿರುವುದಿಲ್ಲ. ಮುಂದಿನ ನಿಯಮಗಳನ್ನು ಅರ್ಥಮಾಡಿಕೊಳ್ಳಲು ಅನಿವಾರ್ಯವಾದ್ದರಿಂದ ಮಾತ್ರ ಅದನ್ನು ಇಲ್ಲಿ ನಕಲು ಮಾಡಲಾಗಿದೆ:

“(ಅ) ಯಾರ ಹೆಸರಿನಲ್ಲಿ ಯಾರು ತೋಳು ಚಾಚಿರುತ್ತಾರೋ, ಅವರೇ ಅವರು.
(ಆ) ಆದ್ದರಿಂದ ಈ ಕ್ಷಣದಿಂದ ಹಾಜರಿಯೇ ಗೇರ್‌ಬಾಕ್ಸ್ ಅಣ್ಣ. ಹಿರಿಯ ಮೆಕ್ಯಾನಿಕ್‌ರ ಕುರ್ಚಿ, ದೊಡ್ಡ ಸ್ಪ್ಯಾನರ್, ಹೆಚ್ಚು ಸಕ್ಕರೆಯ ಚಹಾ ಹಾಗೂ ಎಲ್ಲರನ್ನೂ ಬೈಯುವ ಹಕ್ಕನ್ನು ಅವನಿಗೆ ವರ್ಗಾಯಿಸಲಾಗಿದೆ.
(ಇ) ಈ ಮುಂಚೆ ಗೇರ್‌ಬಾಕ್ಸ್ ಅಣ್ಣನಾಗಿದ್ದ ವ್ಯಕ್ತಿಯು ಸದ್ಯಕ್ಕೆ ಯಾರೂ ಅಲ್ಲ. ತಾನು ಯಾರೆಂದು ಇತ್ಯರ್ಥವಾಗುವವರೆಗೆ ಬಣ್ಣದ ವಿಭಾಗದಲ್ಲಿ ಕುಂಚ ತೊಳೆಯತಕ್ಕದ್ದು.”

ಶಾಖೆಯು ಹೊರಡಿಸಿದ ಯಾವ ಆದೇಶವೂ ಈವರೆಗೆ ಇಷ್ಟು ತ್ವರಿತವಾಗಿ ಜಾರಿಯಾದ ಉದಾಹರಣೆ ಇರುವುದಿಲ್ಲ. ಅಣ್ಣನವರು ಬಂದು ನೋಡುವಷ್ಟರಲ್ಲಿ ಕುರ್ಚಿಯಲ್ಲಿ ಹಾಜರಿಯು ಕಾಲ ಮೇಲೆ ಕಾಲು ಹಾಕಿ ಕೂತಿದ್ದು, ಅಣ್ಣನವರದೇ ಗಂಟಲಲ್ಲಿ, “ಏಯ್, ಏನೋ ನಿಂತ್ಕೊಂಡು ನೋಡ್ತೀಯಾ? ನಟ್ಟು ನಿಮ್ಮಪ್ಪ ಬಂದು ಟೈಟ್ ಮಾಡ್ತಾನಾ?” ಎಂದು ಗದರಿಸಿರುತ್ತಾನೆ. ಅಣ್ಣನವರು ವರ್ಷಗಳಿಂದ ಸಿಬ್ಬಂದಿಗೆ ಬೈಯುತ್ತಿದ್ದುದು ಇದೇ ಮಾತಿನಲ್ಲಿ. ಚಹಾ ಅಂಗಡಿಯವರು ಅವರ ಮುಂದಿನಿಂದಲೇ ಲೋಟವನ್ನು ಹಾಜರಿಗೆ ಒಯ್ದಿರುತ್ತಾರೆ. ವೆಲ್ಡರ್‌ರವರು, “ಯಾರ್ರೀ ನೀವು, ಹೊಸಬರಾ?” ಎಂದು ಆದರದಿಂದ ವಿಚಾರಿಸಿ ಕೈಗೆ ಕುಂಚದ ಡಬ್ಬಿ ಕೊಟ್ಟಿರುತ್ತಾರೆ. ಅಣ್ಣನವರು ತಮಾಷೆಯನ್ನು ತಮಾಷೆಯಾಗಿಯೇ ತೆಗೆದುಕೊಂಡಂತೆ ತೋರಿಸಲು ಕುಂಚ ತೊಳೆಯತೊಡಗಿದ್ದು, ಮುಖವು ಸಹಕರಿಸಿರುವುದಿಲ್ಲ.

ಪ್ರಕಟಣೆಯ ಬರಹಗಾರರನ್ನು ಪತ್ತೆಹಚ್ಚಲು ಸಮಿತಿ ರಚಿಸಲಾಗಿದೆ.

7. ದೂರವಾಣಿ ಬಳಕೆ (ಉಲ್ಲೇಖ 4)

ಕೈ ಬಣ್ಣವಾಗಿದ್ದ ಕಾರಣ ಅಣ್ಣನವರು ಫೋನನ್ನು ಸ್ಪೀಕರ್‌ಗೆ ಹಾಕಿ ಮನೆಗೆ ಕರೆ ಮಾಡಿ ದೂರು ಹೇಳಿಕೊಳ್ಳಲು ಯತ್ನಿಸಿರುತ್ತಾರೆ. ಧರ್ಮಪತ್ನಿಯವರಿಗೆ ತಮ್ಮನಿಂದ ಎಲ್ಲ ವರದಿಯೂ ಮೊದಲೇ ತಲುಪಿತ್ತು.

“ಯಾರು ಮಾತಾಡ್ತಿರೋದು?”

“ನಾನೇ ಕಣೇ.”

“ನಾನೇ ಅಂದ್ರೆ ಯಾರು? ನಮ್ಮೆಜಮಾನ್ರು ಆಗಲೇ ರಕ್ತ ಕೊಡಕ್ಕೆ ಹೋಗಿದ್ರಂತೆ. ಕೈಯೆಲ್ಲ ಹಸಿರಂತೆ.”

“ಅದು ನಿನ್ನ ತಮ್ಮ ಕಣೇ!”

“ಓ. ಹಾಗಾದ್ರೆ ಸರಿ. ಸೂಜಿಗೆ ನನ್ನ ತಮ್ಮನ್ನ ಕಳಿಸಿದೋರು ಹೆರಿಗೆ ವಾರ್ಡಿಗೂ ಅವನನ್ನೇ ಕಳಿಸಿ. ಬಾಗಿಲ ಹತ್ರ ಅವನೇ ನಿಂತಿರ್ಲಿ, ಮಗೂನ ಮೊದಲು ಅವನೇ ನೋಡ್ಲಿ. ನೀವು ಅಲ್ಲೇ ಇರಿ.”

ಇಲ್ಲಿಯವರೆಗೆ ಬೆಂಚು ನಗುತ್ತಿತ್ತು. ಆನಂತರ ಧರ್ಮಪತ್ನಿಯವರು ದನಿ ತಗ್ಗಿಸಿ, “ರೀ, ನಾನೂ ಹೆದರಿದ್ದೆ. ಚುಚ್ಚಿಸ್ಕೊಂಡು ಒಬ್ಬಳೇ ಕೂತಿದ್ದೆ, ಏನು ಹೇಳ್ತಾರೋ ಅಂತ. ಪಕ್ಕದಲ್ಲಿ ನೀವಿರ್ಲಿಲ್ಲ” ಎಂದಿರುತ್ತಾರೆ. ಆ ಹೊತ್ತಿಗೆ ಯಾರೋ ಗಾಳಿ ಯಂತ್ರವನ್ನು ಆರಿಸಿದ್ದರಿಂದ ಈ ಮಾತು ಕಾರ್ಯಾಗಾರದಾದ್ಯಂತ ಕೇಳಿಸಿರುತ್ತದೆ.

ಇನ್ನು ಮುಂದೆ ಮನೆಯವರ ಜೊತೆ ಸ್ಪೀಕರ್‌ನಲ್ಲಿ ಮಾತನಾಡತಕ್ಕದ್ದಲ್ಲ. ಮಾತನಾಡಿದಲ್ಲಿ, ಕೇಳಿಸಿಕೊಂಡವರು ತಮ್ಮ ತಮ್ಮ ಬೂಟುಗಳನ್ನು ನೋಡುತ್ತಾ ನಿಲ್ಲತಕ್ಕದ್ದು. ಅಂದು ಎಲ್ಲರೂ ಇದನ್ನು ಸೂಚನೆಯಿಲ್ಲದೆಯೇ ಪಾಲಿಸಿರುವುದು ಶ್ಲಾಘನೀಯ.

8. ತಾನು ತಾನೇ ಎಂದು ಸಾಬೀತುಪಡಿಸುವ ವಿಧಾನ

ಅಣ್ಣನವರು ಕುಂಚವನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, ಯಾರನ್ನೂ ಜೊತೆಗೆ ಕರೆಯದೆ, ಟೈರು ಗೋದಾಮಿಗೆ ನಡೆದಿರುತ್ತಾರೆ. ಬೆಂಚು ಅವರ ಹಿಂದೆಯೇ ಎದ್ದು ಬಾಗಿಲಿನಲ್ಲಿ ನೆರೆದಿರುತ್ತದೆ. ಅಕ್ಕನವರು ತಲೆ ತಗ್ಗಿಸಿ ಸೂಜಿ ಜೋಡಿಸುತ್ತಿದ್ದು, ಎದುರಿಗೆ ಚಾಚಿಕೊಂಡ ತೋಳನ್ನು ಮಾತ್ರ ನೋಡಿರುತ್ತಾರೆ. ಕುಂಚ ತೊಳೆದ ಕಾರಣ ಅದು ಮೊಣಕೈಯವರೆಗೆ ಹಸಿರಾಗಿತ್ತು.

“ಏನ್ರೀ ಇದು, ಮತ್ತೆ ನೀವೇನಾ? ಈಗ ಯಾರ ಹೆಸರು?” ಎಂದು ಅಕ್ಕನವರು ಸಿಡುಕಿದ್ದು, ಅಣ್ಣನವರು, “ಇಲ್ಲ ಅಕ್ಕ, ಈ ಸಲ ನಾನೇ” ಎಂದಿರುತ್ತಾರೆ. “ಬೆಳಿಗ್ಗೆಯಿಂದ ಎಲ್ಲರೂ ನಾನೇ ಅಂತಿದಾರೆ. ನೀವೇ ನೀವು ಅನ್ನೋದಕ್ಕೆ ಸಾಕ್ಷಿ?” ಎಂದು ಕೇಳಲಾಗಿ, ಅಣ್ಣನವರು ತಬ್ಬಿಬ್ಬಾಗಿ ಬಾಗಿಲ ಕಡೆ ತಿರುಗಿದರೆ, ಅಲ್ಲಿದ್ದ ಯಾರೊಬ್ಬರೂ ಅವರ ಗುರುತು ಹಿಡಿದಿರುವುದಿಲ್ಲ. ಕೊನೆಗೆ ಹಾಜರಿಯು ಗುಂಪಿನ ಹಿಂದಿನಿಂದ, “ಅವರು ನಮ್ಮ ಭಾವನೇ ಅಕ್ಕ. ಡೌಟಿದ್ರೆ ಒಂದ್ಸಲ ಬೈಸಿ ನೋಡಿ” ಎಂದು ಸಾಕ್ಷ್ಯ ನುಡಿದಿರುತ್ತಾನೆ.

ಅಣ್ಣನವರು ಎದೆ ತುಂಬಾ ಉಸಿರೆಳೆದುಕೊಂಡು, “ಲೇ, ಕೆಲಸ ಬಿಟ್ಟು ಇಲ್ಲೇನೋ ನೋಡ್ತೀರಾ? ನಟ್ಟು ನಿಮ್ಮಪ್ಪ…” ಎಂದವರು, ‘ಅಪ್ಪ’ ಎಂಬಲ್ಲಿ ಇದ್ದಕ್ಕಿದ್ದಂತೆ ನಿಂತಿರುತ್ತಾರೆ. ತಮ್ಮ ಹಸಿರು ತೋಳನ್ನು ನೋಡಿಕೊಂಡಿರುತ್ತಾರೆ. ತಮ್ಮ ಟೋಪಿ ಹಾಕಿಕೊಂಡು ನಿಂತಿದ್ದ ಭಾಮೈದನನ್ನು ನೋಡಿರುತ್ತಾರೆ. ನಂತರ ನಗಲಾರಂಭಿಸಿರುತ್ತಾರೆ. ಗೋದಾಮಿನ ಟೈರುಗಳು ನಡುಗುವಂತೆ ನಕ್ಕಿರುತ್ತಾರೆ. ಸೂಜಿ ಒಳಗೆ ಹೋದದ್ದೂ ಹೊರಗೆ ಬಂದದ್ದೂ ಅವರ ಗಮನಕ್ಕೆ ಬಂದಿರುವುದಿಲ್ಲ.

ಬೈಗುಳದ ಮೂಲಕ ಗುರುತು ಸಾಬೀತುಪಡಿಸುವ ಈ ವಿಧಾನಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ.

9. ನಗುವಿನ ವ್ಯಾಖ್ಯಾನ

ಸದರಿ ನಗುವು ಫಲಿತಾಂಶ ಬರುವ ಮುಂಚಿನದಾಗಿದ್ದು, ಅದನ್ನು ಫಲಿತಾಂಶವೆಂದು ಯಾರೂ ಅರ್ಥೈಸತಕ್ಕದ್ದಲ್ಲ. ಫಲಿತಾಂಶಕ್ಕಾಗಿ ಅಣ್ಣನವರು ಟೈರಿನ ಮೇಲೆ ಕೂತಿದ್ದಾಗ ನಗುತ್ತಿರಲಿಲ್ಲ. ಆ ಹೊತ್ತು ಹಾಜರಿಯು ಪಕ್ಕದ ಟೈರಿನ ಮೇಲೆ, ಯಾರ ದನಿಯನ್ನೂ ಅನುಕರಿಸದೆ, ಸುಮ್ಮನೆ ಕೂತಿದ್ದನು. ‘ಜೊತೆಗೆ ಬಂದವರು’ ಎಂಬ ಪದದ ಅಧಿಕೃತ ಅರ್ಥವನ್ನು ಇನ್ನು ಮುಂದೆ ಇದಕ್ಕೆ ಸೀಮಿತಗೊಳಿಸಲಾಗಿದೆ.

ಅಕ್ಕನವರು ಅಣ್ಣನವರನ್ನು ಒಬ್ಬರನ್ನೇ ಒಳಗೆ ಕರೆದು ಫಲಿತಾಂಶ ತಿಳಿಸಿರುತ್ತಾರೆ. ಅದೇನೆಂದು ಶಾಖೆಗೆ ತಿಳಿದಿಲ್ಲ. ತಿಳಿಯುವ ಅಧಿಕಾರವೂ ಇಲ್ಲ. ಟೈರುಗಳ ಸಂದಿನಲ್ಲಿ ಕಿವಿ ಇಟ್ಟಿದ್ದ ಎಲೆಕ್ಟ್ರಿಷಿಯನ್‌ರವರಿಗೂ ಇಲ್ಲ. ಹೊರಬಂದ ಅಣ್ಣನವರು ಮನೆಗೆ ಕರೆ ಮಾಡಿ (ಸ್ಪೀಕರ್ ಇಲ್ಲದೆ) ಬಹಳ ಹೊತ್ತು ಮಾತನಾಡಿ, ನಂತರ ಬೆಂಚಿನತ್ತ ತಿರುಗಿ, “ಮುಂದಿನವರು ಯಾರೋ?” ಎಂದಿರುತ್ತಾರೆ. ಅಣ್ಣನವರು ಎದ್ದರೆ ಕಾರ್ಯಾಗಾರ ಏಳುತ್ತದೆ ಎಂಬುದನ್ನು ನಿಯಮ 4ರಲ್ಲಿ ಈಗಾಗಲೇ ತಿಳಿಸಲಾಗಿದೆ.

10. ಲೋಟಗಳ ಬಗ್ಗೆ

ಅಂದೇ ಸಂಜೆ ವೆಲ್ಡರ್‌ರವರು ಮುನ್ನೆಚ್ಚರಿಕೆಯೆಂದು ತಮ್ಮ ಚಹಾ ಲೋಟಕ್ಕೆ ಹಸಿರು ಗುರುತು ಹಾಕಿ ಪ್ರತ್ಯೇಕಿಸಿಕೊಂಡಿರುತ್ತಾರೆ. ಲೋಟದಿಂದ ಏನೂ ಅಂಟುವುದಿಲ್ಲ. ಕೈ ಕುಲುಕುವುದರಿಂದಲೂ, ಒಂದೇ ಸ್ಪ್ಯಾನರ್ ಹಿಡಿಯುವುದರಿಂದಲೂ ಅಂಟುವುದಿಲ್ಲ. ಸದರಿ ಲೋಟವನ್ನು ಮುಟ್ಟುಗೋಲು ಹಾಕಿಕೊಂಡು ಕುಂಚ ತೊಳೆಯಲು ಬಳಸಲಾಗುತ್ತಿದೆ.

ಪ್ರತಿದಿನ ಮಾತ್ರೆ ನುಂಗಿ ಕೆಲಸಕ್ಕೆ ಬರುವವರು ಈ ಕಾರ್ಯಾಗಾರದಲ್ಲಿ ಮೊದಲೂ ಇದ್ದಿರಬಹುದು, ಈಗಲೂ ಇರಬಹುದು. ಅವರು ಬಿಗಿದ ನಟ್ಟುಗಳ ಮೇಲೆ ಊರು ದಿನವೂ ಓಡಾಡುತ್ತಿದೆ. ಬಿಗಿದವರು ಯಾರೆಂದು ವಿಚಾರಿಸಿ ಯಾವ ನಟ್ಟೂ ಈವರೆಗೆ ಸಡಿಲವಾದ ವರದಿ ಇರುವುದಿಲ್ಲ. ಸಿಬ್ಬಂದಿಯು ಈ ವಿಷಯದಲ್ಲಿ ನಟ್ಟುಗಳನ್ನು ಅನುಸರಿಸತಕ್ಕದ್ದು.

11. ಒಪ್ಪಿಗೆ ಹಾಗೂ ರಜೆ

ಈ ಸುತ್ತೋಲೆಯಲ್ಲಿ ತಮ್ಮ ವಿಷಯ ನಮೂದಿಸಲು ಅಣ್ಣನವರ ಒಪ್ಪಿಗೆ ಪಡೆಯಲಾಗಿದ್ದು, “ಬೇಕಾದ್ರೆ ಬಸ್ಸಿನ ಹಿಂದೆ ಬರೆಸ್ರಿ” ಎಂದಿರುತ್ತಾರೆ. ಬಣ್ಣದ ಅಭಾವದಿಂದ ಈ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಹೆರಿಗೆ ವಾರ್ಡಿನ ಬಾಗಿಲಲ್ಲಿ ತಾವೇ ಖುದ್ದಾಗಿ ನಿಲ್ಲಲು ಅವರು ಸಲ್ಲಿಸಿದ ರಜೆ ಅರ್ಜಿಯನ್ನು, ಧರ್ಮಪತ್ನಿಯವರ ಅನುಮತಿ ಲಭ್ಯವಾಗಿರುವುದರಿಂದ, ಮಂಜೂರು ಮಾಡಲಾಗಿದೆ. ಈ ಅವಧಿಯಲ್ಲಿ ಅವರ ಪರವಾಗಿ ಹಾಜರಿ ಹಾಕಲು ಹಾಜರಿಗೆ, ಈ ಒಂದು ಬಾರಿಗೆ ಮಾತ್ರ, ಲಿಖಿತ ಅನುಮತಿ ನೀಡಲಾಗಿದೆ.

(ಸಹಿ)
ಕ್ಷೇಮಾಧಿಕಾರಿ
(ಬೆಂಚಿನ ಕೊನೆಯಲ್ಲಿ ಕೂತಿದ್ದವರು, ಈಗ ತೋಳಿಗೆ ಹತ್ತಿ ಅಂಟಿಸಿಕೊಂಡಿದ್ದು, ಸಹಿ ಸ್ವಲ್ಪ ಓರೆಯಾಗಿರುವುದಕ್ಕೆ ವಿಷಾದಿಸುತ್ತಾರೆ)

ಪ್ರತಿಗಳು:
1. ಪ್ರಯೋಗಾಲಯದ ಅಕ್ಕನವರಿಗೆ, ಬಣ್ಣ ಬಿಡಿಸುವ ಒಂದು ಡಬ್ಬಿ ಥಿನ್ನರ್ ಸಹಿತ.
2. ಎಲೆಕ್ಟ್ರಿಷಿಯನ್‌ರವರಿಗೆ, ಟೆಸ್ಟರನ್ನು ಇನ್ನು ಮುಂದೆ ತಂತಿಗಳಿಗೆ ಮಾತ್ರ ಬಳಸುವ ಷರತ್ತಿನ ಮೇಲೆ.
3. ವೆಲ್ಡರ್‌ರವರಿಗೆ, ಹೊಸ ಲೋಟ ಸಹಿತ (ಗುರುತಿಲ್ಲದ್ದು).
4. ಹಾಜರಿಗೆ, ಟೋಪಿಯನ್ನು ಹಿಂತಿರುಗಿಸುವ ಸಲುವಾಗಿ.
5. ಭಂಡಾರದ ಗುಮಾಸ್ತರಿಗೆ, ಈ ಸುತ್ತೋಲೆಯ ಕರಡು ಸಿದ್ಧಪಡಿಸಿದ ಬಗ್ಗೆ ಮೆಚ್ಚುಗೆಯೊಂದಿಗೆ. ಸಹಿಯಿಲ್ಲದ ಪ್ರಕಟಣೆಯ ಬರಹಗಾರರನ್ನು ಪತ್ತೆಹಚ್ಚುವ ಸಮಿತಿಯ ಏಕೈಕ ಸದಸ್ಯರೂ ಅವರೇ ಆಗಿದ್ದು, ಯಾವುದೇ ಸುಳಿವು ಸಿಕ್ಕಿಲ್ಲವೆಂದು ನಿರ್ದೋಷವಾದ ವ್ಯಾಕರಣದಲ್ಲಿ ವರದಿ ನೀಡಿರುತ್ತಾರೆ.
6. ಹುಟ್ಟಲಿರುವ ಮಗುವಿಗೆ, ಧರ್ಮಪತ್ನಿಯವರ ಮುಖಾಂತರ. ನಟ್ಟು ಟೈಟ್ ಮಾಡಲು ನಿಮ್ಮಪ್ಪನವರು ಖುದ್ದಾಗಿ ಬರುತ್ತಿರುವುದನ್ನು ದೃಢೀಕರಿಸಲಾಗಿದೆ.
7. ಸೂಚನಾ ಫಲಕಕ್ಕೆ. (ಫಲಕದ ಮುಂದೆ ನಿಂತು ಇದನ್ನು ಶಾಖೆಯ ದನಿಯಲ್ಲಿಯೇ ಗಟ್ಟಿಯಾಗಿ ಓದುತ್ತಾ ಎಲ್ಲರಿಗಿಂತ ಜೋರಾಗಿ ನಗುತ್ತಿರುವವರು ಗೇರ್‌ಬಾಕ್ಸ್ ಅಣ್ಣನವರೇ ಆಗಿರುವುದರಿಂದ, ಅವರು ಓದಿ ಮುಗಿಸುವವರೆಗೆ ಉಳಿದವರು ಹಿಂದೆ ಸರಿದು ನಿಲ್ಲತಕ್ಕದ್ದು.)